ಪಾತ್ರದ ಹಿನ್ನೆಲೆ ಅಂದರೆ ಪುಸ್ತಕದಲ್ಲಿ ಬರೆದಷ್ಟೇನಾ? ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಒಂದು ತಪ್ಪು ಕಲ್ಪನೆ

“ನಾವಿಕನಿಗೆ ಹಡಗಿನಲ್ಲಿ ಮಾತ್ರ ಅನುಕೂಲ, ಸೈನಿಕನಿಗೆ ಸೇನಾ ಶಿಬಿರದಲ್ಲಿ ಮಾತ್ರ. ಬೇರೆ ಕಡೆ ಕೇಳಿದರೆ ಅದು ಮೋಸ.” ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಲು ಹೊಸದಾಗಿ ಕುಳಿತವರಿಗೆ ಹಳಬರು ಹೀಗೆ ಹೇಳುವುದುಂಟು. ಆ ಮಾತೇ ಮುಂದೆ ಗುಂಪಿನ ನಿಯಮ ಆಗಿಬಿಡುತ್ತದೆ. ಇದು ನಿಜವೇ?

ಚಿಕ್ಕ ಉತ್ತರ: ಅಲ್ಲ. ಹಿನ್ನೆಲೆಯನ್ನು ಬದಲಿಸಿಕೊಳ್ಳಲು ನಿಯಮ ಪುಸ್ತಕವೇ ಅವಕಾಶ ಕೊಟ್ಟಿದೆ. ಆದರೆ “ಹಿನ್ನೆಲೆ ಹೆಸರು ಹೇಳಿದರೆ ಏನು ಬೇಕಾದರೂ ನಡೆಯುತ್ತದೆ” ಎನ್ನುವುದೂ ಅಷ್ಟೇ ತಪ್ಪು.

ಮೊದಲಿಗೆ, ಇದು ಎಂಥ ಆಟ?

ನಾಲ್ಕೈದು ಜನ ಮೇಜಿನ ಸುತ್ತ ಕುಳಿತು, ಮಾತಿನಲ್ಲೇ ಒಂದು ಕಥೆ ಕಟ್ಟುತ್ತಾ ಹೋಗುವ ಆಟ ಇದು. ಒಬ್ಬರು ಡಂಜನ್ ಮಾಸ್ಟರ್, ಅಂದರೆ ಡಿಎಂ. ಊರು, ಕಾಡು, ಶತ್ರು, ಅಂಗಡಿಯವನು ಎಲ್ಲ ಅವರ ಕೈಯಲ್ಲಿ. ಉಳಿದವರಿಗೆ ತಲಾ ಒಂದು ಪಾತ್ರ. ಮಾಡಲು ಹೊರಟ ಕೆಲಸ ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಾಗ 20 ಮುಖಗಳ ದಾಳ ಎಸೆಯುತ್ತಾರೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಈ ಆಟ ಅಮೆರಿಕದಲ್ಲಿ 1974ರಲ್ಲಿ ಪ್ರಕಟವಾಯಿತು.

ಬ್ಯಾಕ್‌ಗ್ರೌಂಡ್ ಅಂದರೇನು?

ಸಾಹಸಕ್ಕೆ ಹೊರಡುವ ಮೊದಲು ನಿಮ್ಮ ಪಾತ್ರ ಏನಾಗಿತ್ತು ಎಂಬುದೇ ಬ್ಯಾಕ್‌ಗ್ರೌಂಡ್. 2014ರ ಐದನೇ ಆವೃತ್ತಿಯ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಇಂಥ 13 ಮುಖ್ಯ ಹಿನ್ನೆಲೆಗಳಿವೆ. ನಾವಿಕ, ಸೈನಿಕ, ಅಪರಾಧಿ, ವಿದ್ವಾಂಸ, ಸನ್ಯಾಸಿ, ಶ್ರೀಮಂತ ಮನೆತನದವರು, ಊರಿನ ವೀರ ಮುಂತಾದವು. ಪ್ರತಿಯೊಂದರ ಜೊತೆ ಎರಡು ಕೌಶಲ, ಒಂದಿಷ್ಟು ಸಾಮಾನು ಮತ್ತು ಒಂದು ವಿಶೇಷ ಅನುಕೂಲ ಸಿಗುತ್ತದೆ.

ನಾವಿಕನಿಗೆ ತನಗೂ ಜೊತೆಗಾರರಿಗೂ ಹಡಗಿನಲ್ಲಿ ಪುಕ್ಕಟೆ ಪ್ರಯಾಣ ಸಿಗಬಹುದು. ಬದಲಿಗೆ ಹಡಗಿನ ಕೆಲಸದಲ್ಲಿ ಕೈಜೋಡಿಸಬೇಕು. ಊರಿನ ವೀರನಿಗೆ ಸಾಮಾನ್ಯ ಜನ ಮನೆಯಲ್ಲಿ ಜಾಗ ಕೊಟ್ಟು ಅಡಗಿಸುತ್ತಾರೆ. ಆದರೆ ಅವನಿಗಾಗಿ ಪ್ರಾಣ ಕೊಡುವುದಿಲ್ಲ. ಅಪರಾಧಿಗೆ ಕಳ್ಳರ ಜಾಲದಲ್ಲಿ ನಂಬಿಕಸ್ಥ ಪರಿಚಯ ಇರುತ್ತದೆ. ಗಮನಿಸಿ, ಇವು ಯಾವುವೂ ಯುದ್ಧದ ಶಕ್ತಿಗಳಲ್ಲ. ಎಲ್ಲವೂ ಜನರ ಜೊತೆಗಿನ ಸಂಬಂಧಗಳು.

ಪುಸ್ತಕ ನಿಜವಾಗಿ ಏನು ಹೇಳುತ್ತದೆ?

ಒಂದು: ಅದೇ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಹಿನ್ನೆಲೆಯನ್ನು ಬದಲಿಸಿಕೊಳ್ಳುವ ನಿಯಮ ಇದೆ. ವಿಶೇಷ ಅನುಕೂಲದ ಬದಲು ಇನ್ನೊಂದು ಹಿನ್ನೆಲೆಯದನ್ನು ತೆಗೆದುಕೊಳ್ಳಬಹುದು, ಯಾವ ಎರಡು ಕೌಶಲ ಬೇಕಾದರೂ ಆರಿಸಬಹುದು. ನಿಮ್ಮ ಕಲ್ಪನೆಗೆ ಹೊಂದುವುದು ಸಿಗದಿದ್ದರೆ ಡಿಎಂ ಜೊತೆ ಕೂತು ಹೊಸದನ್ನೇ ಮಾಡಿಕೊಳ್ಳಬಹುದು.

ಎರಡು: 2014ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಇನ್ನೂ ಮುಂದೆ ಹೋಗುವ ಐಚ್ಛಿಕ ನಿಯಮ ಒಂದಿದೆ. ಅದರಲ್ಲಿ ಕೌಶಲಗಳ ಪಟ್ಟಿಯನ್ನೇ ಬಿಟ್ಟು, ಪಾತ್ರದ ಹಿಂದಿನ ಬದುಕು ಈ ಕೆಲಸಕ್ಕೆ ನೆರವಾಗುತ್ತದೆಯೇ ಎಂದು ಮಾತ್ರ ನೋಡುತ್ತಾರೆ. ಹೇಗೆ ನೆರವಾಗುತ್ತದೆ ಎಂದು ಆಟಗಾರ ವಿವರಿಸಬೇಕು. ಕೊನೆಯ ತೀರ್ಮಾನ ಡಿಎಂದು.

ಅಂದರೆ, ವಿವರಿಸಿ ಕೇಳುವುದು ಮೋಸವಲ್ಲ. ಅದೂ ಆಟದ ಭಾಗವೇ.

ಮರಳುಗಾಡಿನಲ್ಲಿ ನಾವಿಕ ಏನು ಮಾಡಬೇಕು?

ನಾನು ಮೊದಲ ಸಲ ಡಿಎಂ ಆಗಿದ್ದಾಗ ತಪ್ಪಿದ್ದು ಇಲ್ಲೇ. ಗೆಳತಿಯ ಪಾತ್ರ ನಾವಿಕಳು, ನನ್ನ ಕಥೆ ಮರಳುಗಾಡಿನದು. “ಒಂಟೆಗಳ ಯಜಮಾನನಿಗೆ ದಾರಿಯುದ್ದಕ್ಕೂ ಕೆಲಸ ಮಾಡಿಕೊಡ್ತೀನಿ, ನಮ್ಮನ್ನೂ ಕರ್ಕೊಂಡು ಹೋಗು ಅಂತ ಕೇಳಬಹುದಾ?” ಎಂದಳು. “ಪುಸ್ತಕದಲ್ಲಿ ಹಡಗು ಅಂತ ಇದೆ” ಎಂದೆ. ಆಮೇಲೆ ಆ ಸಂಜೆಯೆಲ್ಲ ದಾಳ ಎಸೆಯುವ ಸರದಿ ಬಂದಾಗ ಬಿಟ್ಟರೆ ಅವಳು ಮಾತಾಡಲಿಲ್ಲ. ಮುಂದಿನ ವಾರ ಆಟಕ್ಕೆ ಬರಲೂ ಇಲ್ಲ.

ಅವಳು ಕೇಳಿದ್ದು ನ್ಯಾಯವಾಗಿಯೇ ಇತ್ತು. ನಾವಿಕನ ಅನುಕೂಲದ ತಿರುಳು ಹಡಗಲ್ಲ, “ಕೆಲಸಕ್ಕೆ ಬದಲು ಪ್ರಯಾಣ” ಎಂಬ ಒಪ್ಪಂದ. ದೂರದ ದಾರಿ ನಡೆಸುವವರ ಕಷ್ಟ ಅವಳಿಗೆ ಗೊತ್ತು. ನಕ್ಷತ್ರ ನೋಡಿ ದಿಕ್ಕು ಹೇಳಬಲ್ಲಳು, ಭದ್ರವಾದ ಗಂಟು ಹಾಕಬಲ್ಲಳು, ನೀರನ್ನು ಅಳತೆ ಮಾಡಿ ಹಂಚಬಲ್ಲಳು. ಮರಳಿನಲ್ಲೂ ಇವೆಲ್ಲ ಬೇಕಾಗುತ್ತವೆ. ನಾನು ಒಪ್ಪಿದ್ದರೆ ಒಂಟೆ ಯಜಮಾನ ಎಂಬ ಹೊಸ ಪಾತ್ರವೊಂದು ಕಥೆಗೆ ಸಿಗುತ್ತಿತ್ತು.

ಹೀಗೆ ಬಿಟ್ಟುಕೊಟ್ಟರೆ ಆಟ ಕೆಡುವುದಿಲ್ಲವೇ?

ಲೆಕ್ಕ ಹಾಕಿ ನೋಡೋಣ. ಒಂದು ಕೆಲಸಕ್ಕೆ ಒಟ್ಟು 15 ಬರಬೇಕು, ನಿಮ್ಮ ಪಾತ್ರದ ಸಾಮರ್ಥ್ಯದಿಂದ 2 ಸೇರುತ್ತದೆ ಎಂದುಕೊಳ್ಳಿ. ದಾಳದಲ್ಲಿ 13 ಅಥವಾ ಹೆಚ್ಚು ಬೀಳಬೇಕು. ಗೆಲ್ಲುವ ಸಾಧ್ಯತೆ ಶೇ 40. ಹಿನ್ನೆಲೆಗಾಗಿ ಡಿಎಂ ಇನ್ನೂ 2 ಸೇರಿಸಿದರೆ ಅದು ಶೇ 50 ಆಗುತ್ತದೆ. ಅದರ ಬದಲು ಎರಡು ಸಲ ದಾಳ ಎಸೆದು ದೊಡ್ಡದನ್ನು ಇಟ್ಟುಕೊಳ್ಳಲು ಬಿಟ್ಟರೆ ಶೇ 64. ಯಾವುದೂ ಖಚಿತ ಗೆಲುವಲ್ಲ. ಆಟಗಾರನ ಮಾತಿಗೆ ಬೆಲೆ ಸಿಗುತ್ತದೆ, ಸೋಲುವ ಭಯವೂ ಉಳಿಯುತ್ತದೆ.

ಆದರೆ ಹಿಡಿತವೂ ಬೇಕು. ‘ಔಟ್‌ಲ್ಯಾಂಡರ್’ ಎಂಬ ಹಿನ್ನೆಲೆಯವರು ತಮಗೂ ಇನ್ನೂ ಐದು ಜನರಿಗೂ ದಿನಾ ಆಹಾರ, ನೀರು ಹುಡುಕಬಲ್ಲರು. ಹಸಿವು, ಬಾಯಾರಿಕೆಯೇ ಮುಖ್ಯವಾದ ಕಥೆಯಲ್ಲಿ ಇದೊಂದೇ ಅನುಕೂಲ ಎಲ್ಲ ಸವಾಲನ್ನೂ ನುಂಗಿಬಿಡಬಹುದು. ಆದರೆ ಆ ನೆಲದಲ್ಲಿ ಹಣ್ಣು, ಸಣ್ಣ ಬೇಟೆ, ನೀರು ಇದ್ದರೆ ಮಾತ್ರ ಎಂಬ ಷರತ್ತೂ ಪುಸ್ತಕದಲ್ಲೇ ಇದೆ. ಬರಡು ನೆಲದಲ್ಲಿ ಡಿಎಂ ಅದನ್ನು ನೆನಪಿಸಿದರೆ ಅನ್ಯಾಯವಲ್ಲ. ಪ್ರತಿ ಬಾಗಿಲನ್ನೂ ಒಬ್ಬರ ಹಿನ್ನೆಲೆಯೇ ತೆರೆದರೆ ಉಳಿದವರು ಸುಮ್ಮನೆ ಕೂರಬೇಕಾಗುತ್ತದೆ. ಅದೂ ಕೆಟ್ಟ ಆಟವೇ.

ಬೇರೆ ಆಟಗಳಲ್ಲಿ ಹೇಗಿದೆ?

2013ರಲ್ಲಿ ಬಂದ ‘ತರ್ಟೀನ್ತ್ ಏಜ್’ ಆಟದಲ್ಲಿ ಕೌಶಲಗಳ ಸಿದ್ಧಪಟ್ಟಿಯೇ ಇಲ್ಲ. “ರಾಜನ ಅಡುಗೆಮನೆಯ ಮಾಜಿ ಗೂಢಚಾರಿಣಿ” ಎಂಬಂಥ ಹಿನ್ನೆಲೆಯನ್ನು ಆಟಗಾರರೇ ಬರೆದು ಅಂಕ ಹಂಚುತ್ತಾರೆ. ಆ ಬದುಕು ಎಲ್ಲಿ ಉಪಯೋಗಕ್ಕೆ ಬಂದರೂ ಆ ಅಂಕ ದಾಳಕ್ಕೆ ಸೇರುತ್ತದೆ.

2024ರ ಹೊಸ ಪ್ಲೇಯರ್ಸ್ ಹ್ಯಾಂಡ್‌ಬುಕ್ ಮಾತ್ರ ಬೇರೆ ದಾರಿ ಹಿಡಿದಿದೆ. ಅದರಲ್ಲಿ 16 ಹಿನ್ನೆಲೆಗಳಿವೆ. ಪುಕ್ಕಟೆ ಪ್ರಯಾಣ, ಕಳ್ಳರ ಪರಿಚಯದಂಥ ಅನುಕೂಲಗಳನ್ನು ಕೈಬಿಟ್ಟು, ಸಾಮರ್ಥ್ಯದ ಅಂಕ ಮತ್ತು ‘ಫೀಟ್’ ಎಂಬ ನಿಗದಿತ ಶಕ್ತಿ ಕೊಡುತ್ತಾರೆ. ಇದರಿಂದ ಗೊಂದಲ ಕಡಿಮೆ. ಆದರೆ ಹಳೆಯ ಪರಿಚಯ, ಹಳೆಯ ಕಸುಬು ಕಥೆಯೊಳಗೆ ಬರಬೇಕಾದರೆ ಈಗ ಆಟಗಾರರು ಮತ್ತು ಡಿಎಂ ಮಾತಾಡಿಕೊಳ್ಳುವುದು ಇನ್ನೂ ಹೆಚ್ಚು ಅಗತ್ಯ. ಯಾರಾದರೂ ನಿಯಮದ ಫೋಟೋ ಕಳಿಸಿದರೆ ಮೊದಲು ಅದು ಯಾವ ಆವೃತ್ತಿಯದು ಎಂದು ನೋಡಿ.

ಮೇಜಿನ ಮೇಲೆ ಏನು ಮಾಡಬಹುದು?

• ಆಟಗಾರರೇ, “ನಾನು ಸೈನಿಕ, ಬಿಡಿ” ಎನ್ನಬೇಡಿ. “ರಾತ್ರಿ ಪಹರೆ ಮಾಡಿದವನು ನಾನು, ಕಾವಲು ಯಾವಾಗ ಬದಲಾಗುತ್ತದೆ ಎಂದು ಊಹಿಸಬಹುದಾ?” ಎಂದು ಕೇಳಿ.
• ಡಿಎಂಗಳೇ, ಅನುಕೂಲದ ಹೆಸರನ್ನಲ್ಲ, ಅದರ ತಿರುಳನ್ನು ನೋಡಿ. ಕಥೆಗೆ ಹೊಂದಿದರೆ “ಆಗಬಹುದು, ಆದರೆ” ಎಂದು ಒಂದು ಬೆಲೆ ಸೇರಿಸಿ. ಯಜಮಾನ ಕರೆದೊಯ್ಯುತ್ತಾನೆ, ಆದರೆ ಅವನ ದಾರಿಯಲ್ಲಿ, ಅವನ ಸಮಯಕ್ಕೆ.
• ಇಲ್ಲ ಎನ್ನಲೇಬೇಕಾದರೆ ಕಾರಣ ಹೇಳಿ. ಒಬ್ಬರಿಗೆ ಒಪ್ಪಿದ್ದನ್ನು ಇನ್ನೊಬ್ಬರಿಗೂ ಒಪ್ಪಿ.
• ಆಟ ಶುರುವಾಗುವ ಮೊದಲೇ ಕಥೆ ಎಲ್ಲಿ ನಡೆಯುತ್ತದೆ ಎಂದು ತಿಳಿಸಿ. ಮರಳುಗಾಡಿಗೆ ನಾವಿಕಳಾಗಿ ಬರಬೇಕೋ ಬೇಡವೋ ಎಂದು ಆಟಗಾರರೇ ಯೋಚಿಸಲಿ.

ಕೊನೆಯ ಮಾತು: “ಪುಸ್ತಕದಲ್ಲಿ ಇದ್ದಷ್ಟೇ” ಎಂಬ ಮಾತನ್ನು ಮುಂದಕ್ಕೆ ಕಳಿಸುವ ಮೊದಲು ಪುಸ್ತಕವನ್ನೊಮ್ಮೆ ತೆರೆದು ನೋಡಿ. ನಾನು ತೆರೆದು ನೋಡಿದ್ದು ತಡವಾಗಿ. ಆಮೇಲೆ ಗೆಳತಿಗೆ ಫೋನ್ ಮಾಡಿ ತಪ್ಪಾಯ್ತು ಎಂದೆ. ಮತ್ತೆ ಆಟಕ್ಕೆ ಬಂದಳು. ಒಂಟೆ ಯಜಮಾನ ಈಗ ನಮ್ಮ ಕಥೆಯಲ್ಲಿ ಎಲ್ಲರಿಗೂ ಬೇಕಾದ ಪಾತ್ರ.