ಅಂಕಣದ ಲೆಕ್ಕ, ತಾರಸಿಯ ಲೆಕ್ಕ: ನಾಗಮಂಗಲ ಸೀಮೆಯ ಕಟ್ಟಡ ಪರಂಪರೆಯ ಒಂದು ನೋಟ

ಹಳೆಯ ಮೈಸೂರು ಸೀಮೆಯ ಜನಪದರು ಮನೆಯ ಗಾತ್ರವನ್ನು ಅಂಕಣಗಳಲ್ಲಿ ಹೇಳುತ್ತಿದ್ದರು. ಕಂಬದಿಂದ ಕಂಬಕ್ಕೆ, ತೊಲೆಯಿಂದ ತೊಲೆಗೆ ಇರುವ ಅಂತರವೇ ಅಂಕಣ. ಮಾಳಿಗೆ ಎಷ್ಟು ದೂರದವರೆಗೆ ಆಸರೆಯಿಲ್ಲದೆ ನಿಲ್ಲಬಲ್ಲದು ಎಂಬ ಅನುಭವಜನ್ಯ ತಿಳಿವಳಿಕೆ ಈ ಅಳತೆಯಲ್ಲೇ ಅಡಕವಾಗಿದೆ.

ನಾಗಮಂಗಲ ಸೀಮೆಯಲ್ಲಿ ಈ ತಿಳಿವಳಿಕೆಯ ಮೊದಲ ಸಾಕ್ಷಿ ಕಲ್ಲಿನ ಕಟ್ಟಡಗಳು. ಕಂಬದಹಳ್ಳಿಯ ಪಂಚಕೂಟ ಬಸದಿ, ನಾಗಮಂಗಲದ ಸೌಮ್ಯಕೇಶವ ದೇವಾಲಯ, ಕೃಷ್ಣರಾಜಪೇಟೆ ತಾಲ್ಲೂಕಿನ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯಗಳಲ್ಲಿ ಕಂಬಗಳು ಒತ್ತೊತ್ತಾಗಿವೆ. ಕಲ್ಲು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳದು. ಭಾರ ಹೊತ್ತ ಚಪ್ಪಡಿ ಬಾಗಿದಾಗ ಅದರ ತಳಭಾಗ ಎಳೆತಕ್ಕೆ ಸಿಕ್ಕಿ ಸೀಳುತ್ತದೆ. ಆದ್ದರಿಂದ ಶಿಲ್ಪಿಗಳು ಅಂಕಣವನ್ನು ಕಿರಿದಾಗಿಸಿ, ಕಂಬದ ತಲೆಗೆ ಬೋದಿಗೆಗಳನ್ನಿಟ್ಟರು. ದಿವಾನ್ ಪೂರ್ಣಯ್ಯನವರ ಮೇಲ್ವಿಚಾರಣೆಯಲ್ಲಿ 1804ರಲ್ಲಿ ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ಕಟ್ಟಿದ ವೆಲ್ಲೆಸ್ಲಿ ಸೇತುವೆಯೂ ಕಂಬ, ಬೋದಿಗೆ, ಕಲ್ಲಿನ ತೊಲೆಗಳ ಇದೇ ಕ್ರಮವನ್ನು ಅನುಸರಿಸಿದೆ.

ಕಲ್ಲಿನ ಈ ದೌರ್ಬಲ್ಯವನ್ನು ನೀಗಿದ್ದು ಕಾಂಕ್ರೀಟಿನೊಳಗೆ ಹುದುಗಿದ ಕಬ್ಬಿಣ. ಒತ್ತಡವನ್ನು ಕಾಂಕ್ರೀಟು, ಎಳೆತವನ್ನು ಕಂಬಿ ವಹಿಸಿಕೊಂಡವು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆ ಸುರ್ಕಿ ಗಾರೆಯಿಂದ ಎದ್ದ ಕಲ್ಲುಕಟ್ಟಡ. ಅದರ ಕೆಲಸ ನಡೆಯುತ್ತಿರುವಾಗಲೇ, 1923ರಲ್ಲಿ, ಭದ್ರಾವತಿಯ ಕಾರ್ಖಾನೆ ಕಬ್ಬಿಣದ ಉತ್ಪಾದನೆ ಆರಂಭಿಸಿತು. ಮುಂದೆ ನೆರೆಯ ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದಲ್ಲಿ ಸಿಮೆಂಟ್ ಕಾರ್ಖಾನೆಯೂ ಬಂತು. ಹಳ್ಳಿಗಳಲ್ಲಿ ‘ಮೋಲ್ಡ್ ಹಾಕಿಸುವುದು’ ಎಂಬ ಹೊಸ ನುಡಿಗಟ್ಟು ಬಳಕೆಗೆ ಬಂತು.

ಹೊಸ ತಾರಸಿಯೊಂದಿಗೆ ಹೊಸ ಲೆಕ್ಕವೂ ಬಂತು. ಭಾರತೀಯ ಮಾನಕ ಸಂಸ್ಥೆಯ 456ನೆಯ ಸಂಹಿತೆ 1953ರಲ್ಲಿ ಪ್ರಕಟವಾಗಿ 1957, 1964, 1978 ಮತ್ತು 2000ದಲ್ಲಿ ಪರಿಷ್ಕೃತವಾಯಿತು. ಗಣಕಯಂತ್ರ ಬರುವ ಮುನ್ನ ಎಂಜಿನಿಯರುಗಳು ಸ್ಲೈಡ್ ರೂಲ್ ಮತ್ತು ಕೋಷ್ಟಕಗಳ ನೆರವಿನಿಂದ ಕೈಯಲ್ಲೇ ಲೆಕ್ಕ ಹಾಕುತ್ತಿದ್ದರು. ಅದರ ಸ್ವರೂಪ ಹೀಗಿದೆ. ಹತ್ತು ಅಡಿ, ಅಂದರೆ ಸುಮಾರು 3 ಮೀಟರು ಅಗಲದ ಕೋಣೆಗೆ 12 ಸೆಂ.ಮೀ. ದಪ್ಪದ ತಾರಸಿ ಎಂದಿಟ್ಟುಕೊಳ್ಳೋಣ. ಚದರ ಮೀಟರಿಗೆ ಅದರ ಸ್ವಂತ ಭಾರ 300 ಕಿ.ಗ್ರಾಂ., ಮೇಲಿನ ಗಾರೆ ನೆಲಹಾಸಿಗೆ 100, ಜನ ಸಾಮಾನುಗಳಿಗೆ 200, ಒಟ್ಟು 600. ಇದನ್ನು ಅಗಲದ ವರ್ಗದಿಂದ ಗುಣಿಸಿ ಎಂಟರಿಂದ ಭಾಗಿಸಿದರೆ ತಾರಸಿಯನ್ನು ಬಾಗಿಸುವ ಬಲದ ಪರಿಮಾಣ 675 ಕಿ.ಗ್ರಾಂ.-ಮೀಟರು. ಕಂಬಿ ಮೇಲ್ಮೈಯಿಂದ 10 ಸೆಂ.ಮೀ. ಆಳದಲ್ಲಿದ್ದು, ಚದರ ಸೆಂ.ಮೀ.ಗೆ 2300 ಕಿ.ಗ್ರಾಂ. ಎಳೆತ ವಹಿಸುವುದಾದರೆ, ಪ್ರತಿ ಮೀಟರಿಗೆ ಸುಮಾರು 3.26 ಚದರ ಸೆಂ.ಮೀ. ಕಬ್ಬಿಣ ಬೇಕು. 8 ಮಿ.ಮೀ. ಕಂಬಿಗಳನ್ನು 15 ಸೆಂ.ಮೀ.ಗೆ ಒಂದರಂತೆ ಇಟ್ಟರೆ ಸಾಕಾಗುತ್ತದೆ. ಮೇಸ್ತ್ರಿಗಳ ‘ಆರಿಂಚಿಗೊಂದು ಕಂಬಿ’ ಎಂಬ ವಾಡಿಕೆಯೂ ಇದೇ.

ಎಂಟರ ಭಾಗಾಕಾರ ಜನಪದರಿಗೆ ಅಪರಿಚಿತವಲ್ಲ. ಆಯ ನೋಡುವ ಸಂಪ್ರದಾಯದಲ್ಲಿಯೂ ಮನೆಯ ಅಳತೆಯನ್ನು ಗುಣಿಸಿ ಎಂಟರಿಂದ ಭಾಗಿಸಿ, ಉಳಿದ ಶೇಷದಿಂದ ಧ್ವಜಾಯ, ಸಿಂಹಾಯ ಮುಂತಾದವನ್ನು ನಿರ್ಣಯಿಸುತ್ತಾರೆ. ಆದರೆ ಎರಡರ ಉದ್ದೇಶ ಬೇರೆ: ಒಂದು ಶುಭಾಶುಭದ ಲೆಕ್ಕ, ಇನ್ನೊಂದು ಭಾರದ ಲೆಕ್ಕ. ಒಂದು ಇನ್ನೊಂದರ ಸ್ಥಾನ ತುಂಬಲಾರದು.

ವಾಡಿಕೆಯ ಮಿತಿಯೂ ಇಲ್ಲಿಯೇ ಗೋಚರಿಸುತ್ತದೆ. ಕೋಣೆಯ ಅಗಲ ಹತ್ತರಿಂದ ಹದಿನೈದು ಅಡಿಗೆ ಏರಿದರೆ, ದಪ್ಪ ಅಷ್ಟೇ ಇದ್ದರೂ ಬಾಗಿಸುವ ಬಲ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು ಹೆಚ್ಚುತ್ತದೆ. ಆಗ ಆರಿಂಚಿನ ವಾಡಿಕೆ ಅಪಾಯಕಾರಿ. ಗೋಡೆಯಿಂದ ಹೊರಚಾಚಿದ ಸಜ್ಜೆಯಲ್ಲಂತೂ ಎಳೆತ ಮೇಲ್ಭಾಗದಲ್ಲಿರುತ್ತದೆ. ಕೋಣೆಯ ತಾರಸಿಯಂತೆ ಅಲ್ಲಿಯೂ ಕಂಬಿಯನ್ನು ತಳಕ್ಕೆ ಇಟ್ಟರೆ, ಆಸರೆ ತೆಗೆದಾಗ ಸಜ್ಜೆ ಮುರಿದು ಬೀಳಬಹುದು.

ಇಂದು ಈ ಗಣಿತವನ್ನು ಗಣಕಯಂತ್ರ ಕ್ಷಣದಲ್ಲಿ ಮುಗಿಸುತ್ತದೆ. ಆದರೆ ಕೈಲೆಕ್ಕದಲ್ಲಿ ಭಾರ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದು ಸಾಲುಸಾಲಾಗಿ ಕಾಣುತ್ತದೆ. ಮೇಸ್ತ್ರಿಗೂ ಮನೆಯ ಯಜಮಾನನಿಗೂ ಅದನ್ನು ವಿವರಿಸಿ ಹೇಳಬಹುದು. ಅಂಕಣದ ಅಳತೆಯೂ ಇದೇ ಬಗೆಯ, ಎಲ್ಲರಿಗೂ ನಿಲುಕುವ ಜ್ಞಾನವಾಗಿತ್ತು. ಈ ದೃಷ್ಟಿಯಿಂದ ಅಂಕಣ, ಬೋದಿಗೆಗಳ ಪರಿಭಾಷೆಯನ್ನು ದಾಖಲಿಸುವಾಗ ಕಂಬಿ ಕಟ್ಟುವವರ ವಾಡಿಕೆಗಳನ್ನೂ, ಅವು ಸಲ್ಲುವ ಮಿತಿಯನ್ನೂ ಜೊತೆಯಲ್ಲೇ ದಾಖಲಿಸುವುದು ಅಗತ್ಯ.