ಎಚ್‌ಎಂಟಿ ವಾಚಿಗೂ ಮೊದಲಿನ ಜಪಾನ್

ನಮ್ಮ ಕಡೆ ಹಳೇ ತಲೆಮಾರಿನವರಿಗೆ ಜಪಾನ್ ಅಂದರೆ ನೆನಪಾಗುವುದು ವಾಚು. ಪೀಣ್ಯದ ಪಕ್ಕದ ಜಾಲಹಳ್ಳಿಯಲ್ಲಿ 1953ರಲ್ಲಿ ಶುರುವಾದ ಎಚ್‌ಎಂಟಿ ಮೊದಲು ಮಾಡುತ್ತಿದ್ದದ್ದು ಯಂತ್ರಗಳನ್ನು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ವಾಚಿಗೆ ಕೈ ಹಾಕಿತು. ಮದುವೆಯಲ್ಲಿ ಅಳಿಯನ ಕೈಗೆ ಮಾವ ಕಟ್ಟುತ್ತಿದ್ದದ್ದು ಅದನ್ನೇ.

ಆ ಜಪಾನ್ 16 ವರ್ಷ ಹಿಂದಷ್ಟೇ ಯುದ್ಧದಲ್ಲಿ ಸೋತು ಬೂದಿಯಾಗಿತ್ತು. ಶಾಲೆ ಪುಸ್ತಕದಲ್ಲಿ ಹಿರೋಷಿಮಾ, ನಾಗಸಾಕಿ ಮುಗಿದ ಮುಂದಿನ ಸಾಲಿಗೇ ಜಪಾನ್ ಎದ್ದು ನಿಂತುಬಿಡುತ್ತದೆ. ಆ ಎರಡು ಸಾಲುಗಳ ನಡುವೆ ಜನ ಏನು ಉಂಡರು, ಎಲ್ಲಿ ಮಲಗಿದರು? ಇದನ್ನು ತಿಳಿಯಲು ನಾವು ಒಂದು ಸಿನಿಮಾ ಹೇಳುತ್ತೇವೆ. ಹೆಸರು ‘ಉಕಿಗುಮೊ’, ಅಂದರೆ ತೇಲುವ ಮೋಡಗಳು. ಫುಮಿಕೊ ಹಯಾಶಿ ಎಂಬ ಲೇಖಕಿಯ ಕಾದಂಬರಿ ಇಟ್ಟುಕೊಂಡು ಮಿಕಿಯೊ ನರುಸೆ 1955ರಲ್ಲಿ ಮಾಡಿದ ಕಪ್ಪು-ಬಿಳುಪು ಚಿತ್ರ. ಹಯಾಶಿ 1951ರಲ್ಲೇ ತೀರಿಕೊಂಡಿದ್ದರು, ಚಿತ್ರ ನೋಡಲಿಲ್ಲ.

ಕಥೆ ಇಷ್ಟು. ಯುಕಿಕೊ ಟೈಪಿಸ್ಟ್. ತೊಮಿಯೊಕ ಅರಣ್ಯ ಇಲಾಖೆ ನೌಕರ, ಊರಲ್ಲಿ ಹೆಂಡತಿ ಇದ್ದಾಳೆ. ಯುದ್ಧದ ಕಾಲದಲ್ಲಿ ಇಬ್ಬರೂ ಕೆಲಸದ ಮೇಲೆ ಇಂದಿನ ವಿಯೆಟ್ನಾಂನ ದಲಾತ್ ಎಂಬ ಗಿರಿಧಾಮಕ್ಕೆ ಹೋಗಿರುತ್ತಾರೆ. ನಮ್ಮ ಮಡಿಕೇರಿ ತರಹ ತಂಪು ಊರು. ಅಲ್ಲಿ ಪ್ರೀತಿ ಬೆಳೆಯುತ್ತದೆ. ಹೆಂಡತಿಯನ್ನು ಬಿಟ್ಟು ನಿನ್ನನ್ನೇ ಮದುವೆಯಾಗುತ್ತೇನೆ ಎಂದು ಆತ ಮಾತು ಕೊಡುತ್ತಾನೆ. ಸೋಲಿನ ನಂತರ ಅವಳು ಟೋಕಿಯೊಗೆ ಬಂದು ಅವನ ಮನೆ ಬಾಗಿಲು ತಟ್ಟಿದರೆ, ಬಾಗಿಲು ತೆಗೆಯುವವಳು ಅದೇ ಹೆಂಡತಿ.

ಅಲ್ಲಿಂದ ಮುಂದೆ ದೊಡ್ಡ ಘಟನೆಗಳಿಗಿಂತ ಸಣ್ಣ ಲೆಕ್ಕಗಳೇ ಜಾಸ್ತಿ. ಸಾಮಾನು ಇಡುವ ಶೆಡ್ಡಿನಂಥ ಕೋಣೆಯಲ್ಲಿ ಅವಳ ವಾಸ. ಹೊಟ್ಟೆಪಾಡಿಗೆ ಅಮೆರಿಕದ ಸೈನಿಕನೊಬ್ಬನ ಸ್ನೇಹ. ಗರ್ಭ ತೆಗೆಸಲು ದುಡ್ಡು ಸಾಲ ಕೇಳಬೇಕಾದದ್ದು ಹಿಂದೆ ಅವಳ ಮೇಲೆ ಅತ್ಯಾಚಾರ ಮಾಡಿದ್ದ ಸಂಬಂಧಿಕನ ಹತ್ತಿರ. ಅವನೋ ಯುದ್ಧದ ನಂತರ ಒಂದು ಹೊಸ ಪಂಥ ಕಟ್ಟಿಕೊಂಡು ಚೆನ್ನಾಗಿ ಕಾಸು ಮಾಡಿರುತ್ತಾನೆ! ತೊಮಿಯೊಕನಿಗೆ ಯಾವ ವ್ಯಾಪಾರವೂ ಕೈ ಹತ್ತುವುದಿಲ್ಲ. ಅವಳನ್ನು ಪೂರ್ತಿ ಹಿಡಿಯುವುದೂ ಇಲ್ಲ, ಪೂರ್ತಿ ಬಿಡುವುದೂ ಇಲ್ಲ. ಬಾಡಿಗೆ ಕೋಣೆಗೆ ಅಡ್ವಾನ್ಸ್ ಹೊಂದಿಸಲಾಗದೆ ಮದುವೆ ಮುಂದೂಡುವ ಪೀಣ್ಯದ ಹುಡುಗ ಹುಡುಗಿಯರಿಗೆ ಈ ಭಾಗ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಬಡತನ ಒಂದೇ ಕಾರಣ ಅಂತ ನಮಗೆ ಅನಿಸುವುದಿಲ್ಲ. ಇಬ್ಬರೂ ಮಾತು ಮಾತಿಗೆ ದಲಾತ್ ನೆನೆಯುತ್ತಾರೆ. ಆ ದಲಾತ್ ಇವರದ್ದಲ್ಲವಲ್ಲ! ಫ್ರೆಂಚರು ಹಿಡಿದಿದ್ದ ನೆಲ, ಅದರೊಳಗೆ 1940ರಲ್ಲಿ ಜಪಾನ್ ಸೈನ್ಯ ಕಾಲಿಟ್ಟಿತ್ತು. ಬಂಗಲೆ, ಆಳುಕಾಳು, ಸಂಜೆಯ ತಿರುಗಾಟ ಎಲ್ಲ ಸಿಕ್ಕಿದ್ದು ಆ ಬಲದಿಂದ. ಇವರ ಸುಖದ ದಿನಗಳು ಇನ್ನೊಬ್ಬರ ಪಾಲಿಗೆ ಆಕ್ರಮಣದ ದಿನಗಳು. ಯುದ್ಧ ಮುಗಿದ ಮೇಲೆ ಇವರು ವಾಪಸ್ ಹೋಗಲು ಹಾತೊರೆಯುವ ಜಾಗಕ್ಕೆ ದಾರಿಯೇ ಇಲ್ಲ. ನರುಸೆ ಇದನ್ನು ಭಾಷಣ ಮಾಡಿ ಹೇಳುವುದಿಲ್ಲ. ನಡುನಡುವೆ ದಲಾತಿನ ಬಿಸಿಲು ತೋರಿಸಿ, ಮತ್ತೆ ಟೋಕಿಯೊದ ಕೆಸರಿಗೆ ತಂದು ಬಿಡುತ್ತಾರೆ.

ಅದೇ ಯುದ್ಧದ ಗುರುತು ಜಾಲಹಳ್ಳಿಯಲ್ಲೂ ಇದೆ. ಗಾಯಾಳು ಸೈನಿಕರಿಗಾಗಿ ಬ್ರಿಟಿಷರು ಇಲ್ಲಿ ಸಾಲು ಸಾಲು ಆಸ್ಪತ್ರೆ ಎಬ್ಬಿಸಿದ್ದರು. ಬೆಂಗಳೂರಿನ ಸುತ್ತ ಇಟಲಿಯ ಯುದ್ಧಕೈದಿಗಳನ್ನೂ ಇಟ್ಟಿದ್ದರು. ಯುದ್ಧ ಮುಗಿಯಿತು, ಆಸ್ಪತ್ರೆಗಳ ಜಾಗಕ್ಕೆ ವಾಯುಪಡೆ ಬಂತು, ಪಕ್ಕದಲ್ಲಿ ಕಾರ್ಖಾನೆಗಳು ಬಂದವು. ಕಟ್ಟಡಕ್ಕೆ ಹೊಸ ಕೆಲಸ ಬೇಗ ಸಿಗುತ್ತದೆ.

ಕನ್ನಡದಲ್ಲಿ ಆ ಯುದ್ಧದ ಪ್ರೀತಿ ಅಂದರೆ ರಾಜೇಂದ್ರಸಿಂಗ್ ಬಾಬು ಅವರ ‘ಮುತ್ತಿನ ಹಾರ’ (1990). ಕೊಡಗಿನ ಯೋಧನಾಗಿ ವಿಷ್ಣುವರ್ಧನ್, ನರ್ಸ್ ಆಗಿ ಸುಹಾಸಿನಿ. ಅಲ್ಲಿ ಜೋಡಿ ಗಟ್ಟಿ, ಯುದ್ಧ ಕ್ರೂರಿ. ನೋಡುವಾಗ ನಾವು ಯಾರ ಕಡೆ ಎಂಬ ಗೊಂದಲವಿಲ್ಲ. ‘ಉಕಿಗುಮೊ’ದಲ್ಲಿ ಗುಂಡು ಹಾರುವುದಿಲ್ಲ, ಜೋಡಿಯೇ ಒಳಗಿಂದ ಸವೆದಿರುತ್ತದೆ. ತೊಮಿಯೊಕನ ಮೇಲೆ ನಮಗೆ ಕೊನೆತನಕ ಸಿಟ್ಟು ಇಳಿಯಲಿಲ್ಲ. ಆ ಪಾತ್ರ ಮಾಡಿದ ಮಸಾಯುಕಿ ಮೋರಿ ಬಹಳ ಒಳ್ಳೆಯ ನಟ ಎನ್ನುವುದಕ್ಕೆ ಅದೇ ಸಾಕ್ಷಿ. ಯುಕಿಕೊ ಆಗಿದ್ದ ಹಿದೆಕೊ ತಕಮಿನೆ ಐದನೇ ವಯಸ್ಸಿನಿಂದ ಕ್ಯಾಮೆರಾ ಮುಂದೆ ಬೆಳೆದವರು. ಒಮ್ಮೆ ತಿರುಗಿ ನೋಡಿದರೆ ಸಾಕು, ಅರ್ಧ ಜಗಳ ಅದರಲ್ಲೇ ಮುಗಿದಿರುತ್ತದೆ.

ಕೊನೆಗೆ ಆತನಿಗೆ ದೂರದ ದಕ್ಷಿಣದ ಯಾಕುಶಿಮಾ ದ್ವೀಪದಲ್ಲಿ ಮತ್ತೆ ಅರಣ್ಯ ಇಲಾಖೆಯ ಕೆಲಸ ಸಿಗುತ್ತದೆ. ಆಗುಂಬೆಯಂತೆ ಮಳೆ ಬಿಡದ ಜಾಗ. ಕಾಯಿಲೆ ಬಿದ್ದಿದ್ದರೂ ಅವಳು ಹಟ ಹಿಡಿದು ಜೊತೆಗೆ ಹೋಗುತ್ತಾಳೆ. ಅವನು ಕಾಡಿಗೆ ಹೋದ ಹೊತ್ತಲ್ಲಿ ಅವಳ ಜೀವ ಹೋಗುತ್ತದೆ. ವಾಪಸ್ ಬಂದವನು ಎಲ್ಲರನ್ನೂ ಹೊರಗೆ ಕಳಿಸಿ, ದೀಪ ಹತ್ತಿರ ಹಿಡಿದು, ಸತ್ತವಳ ತುಟಿಗೆ ಲಿಪ್‌ಸ್ಟಿಕ್ ಹಚ್ಚುತ್ತಾನೆ. ಹೊರಗೆ ಮಳೆ ಸುರಿಯುತ್ತಲೇ ಇರುತ್ತದೆ.