ಮೂರು ಹೆಂಚುಗಳ ಮೇಲಣ ಹೆಸರು

ಮೈಸೂರಿನ ಸಂತ ಫಿಲೋಮಿನಾ ದೇವಾಲಯದ ಅವಳಿ ಶಿಖರಗಳನ್ನು ಕಾಣದ ಕನ್ನಡಿಗರು ವಿರಳ. ಅದರ ಅಸ್ತಿಭಾರವನ್ನು 1933ನೆಯ ಇಸವಿ ಅಕ್ಟೋಬರ್ 28ರಂದು ಶ್ರೀ ನಾಲ್ವಡಿ ಕೃಷ್ಣರಾಜ ಒಡೆಯರವರು ಇರಿಸಿದರು. ಆದರೆ ಯಾವ ಕನ್ಯೆಯ ಹೆಸರಿನಿಂದ ಆ ದೇವಾಲಯವು ಪ್ರಸಿದ್ಧವಾಯಿತೋ ಅವಳ ವೃತ್ತಾಂತವು ಬಹುಮಂದಿಗೆ ತಿಳಿಯದು. ತಿಳಿಯಹೊರಟವರಿಗಾದರೂ ದೊರೆಯುವ ಸಾಮಗ್ರಿಯು ಅತ್ಯಲ್ಪ: ಮೂರು ಹೆಂಚುಗಳು, ಒಂದಿಷ್ಟು ಅಸ್ಥಿ, ಒಂದು ಗಾಜಿನ ಕುಪ್ಪಿ.

1802ರ ಮೇ ತಿಂಗಳಿನಲ್ಲಿ ರೋಮಾಪುರಿಯ ಪ್ರಿಸಿಲ್ಲಾ ಎಂಬ ನೆಲದಡಿಯ ಶ್ಮಶಾನದಲ್ಲಿ ಒಂದು ಗೂಡು ತೆರೆಯಲ್ಪಟ್ಟಿತು. ಅದನ್ನು ಮುಚ್ಚಿದ್ದ ಹೆಂಚುಗಳ ಮೇಲೆ ಕೆಂಬಣ್ಣದಿಂದ ‘ಲೂಮೆನಾ – ಪಾಕ್ಸ್ ತೆ – ಕುಂ ಫಿ’ ಎಂದು ಬರೆದಿದ್ದಿತು. ಈ ಕ್ರಮದಲ್ಲಿ ಅರ್ಥವಾಗದು. ಮೊದಲನೆಯ ಹೆಂಚನ್ನು ಕಡೆಗಿರಿಸಿ ಓದಿದರೆ ‘ಫಿಲೂಮೆನಾ, ನಿನಗೆ ಶಾಂತಿಯಿರಲಿ’ ಎಂದಾಗುತ್ತದೆ. ಒಳಗಿದ್ದುದು ಎಳೆಯ ಹುಡುಗಿಯೊಬ್ಬಳ ಅಸ್ಥಿ. ಕುಪ್ಪಿಯಲ್ಲಿ ರಕ್ತವಿದ್ದಿತೆಂದು ಭಾವಿಸಿ, ಅವಳು ಧರ್ಮಕ್ಕಾಗಿ ಪ್ರಾಣವಿತ್ತವಳೆಂದು ನಿರ್ಣಯಿಸಿದರು. 1805ರಲ್ಲಿ ಫ್ರಾಂಚೆಸ್ಕೊ ದೆ ಲೂಚಿಯ ಎಂಬ ಪಾದ್ರಿಯು ಆ ಅಸ್ಥಿಗಳನ್ನು ನೇಪಲ್ಸಿಗೆ ಸಮೀಪದ ಮುನ್ಯಾನೊ ಎಂಬ ಊರಿಗೆ ಕೊಂಡೊಯ್ದನು.

ಹೆಸರಷ್ಟೇ ಇದ್ದ ಸಂತಳಿಗೆ ಚರಿತೆಯು 1833ರಲ್ಲಿ ದೊರಕಿತು. ನೇಪಲ್ಸಿನ ಮರಿಯಾ ಲೂಯಿಸಾ ಎಂಬ ಸಂನ್ಯಾಸಿನಿಗೆ ಸಂತಳೇ ತನ್ನ ಕಥೆಯನ್ನು ತಿಳಿಸಿದಳಂತೆ. ಅವಳು ಗ್ರೀಸ್ ದೇಶದ ರಾಜಪುತ್ರಿ, ಕನ್ಯಾವ್ರತವನ್ನು ಕೈಗೊಂಡವಳು. ಡಯೊಕ್ಲೀಷಿಯನ್ ಚಕ್ರವರ್ತಿಯು ಅವಳ ಕೈಹಿಡಿಯಬಯಸಿದನು, ಅವಳು ಒಪ್ಪಲಿಲ್ಲ. ಕೊರಳಿಗೆ ಲಂಗರು ಕಟ್ಟಿ ಟೈಬರ್ ನದಿಗೆ ಎಸೆದರೆ ದೇವದೂತರು ಕಾಪಾಡಿದರು. ಬಾಣಗಳನ್ನೆಸೆದರೆ ಅವು ಎಸೆದವರ ಕಡೆಗೇ ತಿರುಗಿದವು. ಕಡೆಗೆ ಶಿರಶ್ಛೇದವಾಯಿತು. ಇಲ್ಲಿ ಗಮನಿಸಬೇಕಾದುದೊಂದುಂಟು. ಆ ಹೆಂಚುಗಳ ಮೇಲೆ ಲಂಗರು ಮತ್ತು ಬಾಣಗಳ ಚಿತ್ರಗಳಿದ್ದುವು. ಪ್ರಾಚೀನ ಕ್ರೈಸ್ತರಲ್ಲಿ ಲಂಗರು ಭರವಸೆಯ ಸಂಕೇತವೇ ಹೊರತು ವಧೆಯ ಸಾಧನವಲ್ಲ. ಚಿತ್ರವೇ ಇಲ್ಲಿ ಘಟನೆಯಾಗಿ ಬೆಳೆದಿದೆ. ಹೆಸರಿಗೂ ‘ಬೆಳಕಿನ ಮಗಳು’ ಎಂದು ಲ್ಯಾಟಿನ್ ವ್ಯುತ್ಪತ್ತಿಯನ್ನು ಕಲ್ಪಿಸಿದರು. ಗ್ರೀಕ್ ಮೂಲದ ಆ ಶಬ್ದಕ್ಕೆ ‘ಪ್ರೀತಿಪಾತ್ರಳು’ ಎಂಬುದೇ ಸಹಜಾರ್ಥ. ನಿರುಕ್ತವನ್ನು ಓದಿದವರಿಗೆ ಇಂಥ ವ್ಯುತ್ಪತ್ತಿಗಳು ಅಪರಿಚಿತವಲ್ಲ.

ಭಕ್ತಿಯು ಮಾತ್ರ ಈ ಸಂದೇಹಗಳಿಗೆ ಕಾಯಲಿಲ್ಲ. 1835ರಲ್ಲಿ ಲಿಯೋನ್ಸಿನ ಪೋಲೀನ್ ಜಾರಿಕೊ ಎಂಬಾಕೆಯು ಕಠಿಣವಾದ ಹೃದ್ರೋಗದಿಂದ ಬಳಲುತ್ತ ಮುನ್ಯಾನೊವಿಗೆ ಬಂದು ಗುಣಹೊಂದಿದಳು. 1837ರಲ್ಲಿ ಹದಿನಾರನೆಯ ಗ್ರೆಗೊರಿ ಪೋಪರು ಉತ್ಸವಾಚರಣೆಗೆ ಅನುಮತಿಯಿತ್ತರು. ಫ್ರಾನ್ಸಿನ ಆರ್ಸ್ ಗ್ರಾಮದ ಪಾದ್ರಿ ಜಾನ್ ವಿಯಾನೆಯವರು ತಮ್ಮಲ್ಲಿ ಜನರು ಕಂಡ ಅದ್ಭುತಗಳನ್ನೆಲ್ಲ ಇವಳಿಗೇ ಒಪ್ಪಿಸುತ್ತಿದ್ದರು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಒರಾಟ್ಸಿಯೊ ಮರುಕ್ಕಿ ಎಂಬ ವಿದ್ವಾಂಸರು ಆ ಹೆಂಚುಗಳು ಹಿಂದಿನ ಬೇರೊಂದು ಗೋರಿಯವೆಂದೂ, ನಾಲ್ಕನೆಯ ಶತಮಾನದವರು ಅವನ್ನು ಮತ್ತೊಬ್ಬಳ ಗೂಡಿಗೆ ಬಳಸಿದರೆಂದೂ, ಅಕ್ಷರಗಳು ಹಿಂದುಮುಂದಾಗಿರುವುದು ಅದರ ಗುರುತೆಂದೂ ವಾದಿಸಿದರು. ಹಾಗಾದರೆ ಹೆಸರು ಒಬ್ಬಳದು, ಅಸ್ಥಿ ಇನ್ನೊಬ್ಬಳದು. ಈ ಮತವನ್ನು ಎಲ್ಲರೂ ಒಪ್ಪಿದರೆಂದಲ್ಲ. ಮುನ್ಯಾನೊವಿನ ಭಕ್ತರಂತೂ ಒಪ್ಪಲಿಲ್ಲ.

1961ರಲ್ಲಿ ರೋಮಿನ ಆಜ್ಞೆಯಂತೆ ಪಂಚಾಂಗಗಳಿಂದ ಅವಳ ಉತ್ಸವವನ್ನು ತೆಗೆದುಹಾಕಲಾಯಿತು. ಅವಳ ಭಕ್ತರಾದ ವಿಯಾನೆಯವರಾದರೋ 1925ರಲ್ಲಿಯೇ ಸಂತಪದವಿಯನ್ನು ಪಡೆದಿದ್ದರು. ಅವರ ಹೆಸರು ಉಳಿಯಿತು. ಮಹಾರಾಜರ ಕಾರ್ಯದರ್ಶಿಗಳಾಗಿದ್ದ ಟಿ. ತಂಬೂಚೆಟ್ಟಿಯವರು 1926ರಲ್ಲಿ ಪೋಪರ ಪ್ರತಿನಿಧಿ ಪೀಟರ್ ಪಿಸಾನಿಯವರಿಂದ ಪಡೆದು ತಂದ ಅವಶೇಷವು ಮೈಸೂರಿನ ದೇವಾಲಯದ ನೆಲಮಾಳಿಗೆಯಲ್ಲಿದೆ. ಅಲ್ಲಿಗೆ ಮೆಟ್ಟಿಲಿಳಿದು ಬರುವವರಲ್ಲಿ ಅನ್ಯಮತೀಯರೂ ಉಂಟು.